ಬಿಸಿಗೆ ಹಿಗ್ಗದ ಪಿಂಗಾಣಿ

ಬಿಸಿಗೆ ಹಿಗ್ಗುವುದೂ ತಂಪಿಗೆ ಕುಗ್ಗುವುದೂ ಘನಪದಾರ್ಥಗಳ ಸಾಮಾನ್ಯ ಧರ್ಮ. ದೂರದರ್ಶಕದ ಕನ್ನಡಿಗೆ ಇದು ದೊಡ್ಡ ತೊಡಕು. ಇರುಳಿನ ತಂಪಿಗೆ ಕನ್ನಡಿಯ ಮೈ ಬೆಳಕಿನ ಅಲೆಯುದ್ದದ ಅಲ್ಪಭಾಗದಷ್ಟು ಡೊಂಕಾದರೂ ನಕ್ಷತ್ರದ ಬಿಂಬ ಕದಡುವುದು.

ಜರ್ಮನಿಯ ಶಾಟ್ ಸಂಸ್ಥೆಯು 1968ರಲ್ಲಿ ಸಿದ್ಧಪಡಿಸಿದ ಜೆರೊಡರ್ ಎಂಬ ಗಾಜು-ಪಿಂಗಾಣಿಯು ಈ ತೊಡಕನ್ನು ನೀಗಿತು. ಲಿಥಿಯಂ, ಅಲ್ಯೂಮಿನಿಯಂ, ಸಿಲಿಕಾನ್‌ಗಳ ಆಕ್ಸೈಡುಗಳು ಇದರ ಮುಖ್ಯ ಘಟಕಗಳು. ಗಾಜನ್ನು ಎರಕ ಹೊಯ್ದು, ಮತ್ತೆ ಹದವಾಗಿ ಕಾಯಿಸಿದಾಗ ಅದರ ಸುಮಾರು ಮುಕ್ಕಾಲು ಪಾಲು ಸೂಕ್ಷ್ಮ ಸ್ಫಟಿಕಗಳಾಗಿ ಮಾರ್ಪಡುವುದು. ಸ್ಫಟಿಕಗಳು ಬಿಸಿಗೆ ಕುಗ್ಗುವುವು, ಉಳಿದ ಗಾಜು ಹಿಗ್ಗುವುದು. ಒಂದನ್ನೊಂದು ಸರಿದೂಗಿಸುವುದರಿಂದ ಒಟ್ಟು ಗಾತ್ರವು ಬಹುಮಟ್ಟಿಗೆ ಸ್ಥಿರವಾಗಿರುವುದು.

ಖಗೋಳವಿಜ್ಞಾನಿ ವೈನು ಬಾಪ್ಪು ಅವರು ಯೋಜಿಸಿದ 2.34 ಮೀಟರ್ ದೂರದರ್ಶಕಕ್ಕೆ ಜೆರೊಡರ್ ಬಿಲ್ಲೆಯೇ ಆಧಾರ. ಬಿಲ್ಲೆ ವಿದೇಶದ್ದಾದರೂ ಅದನ್ನು ಉಜ್ಜಿ ನಯಗೊಳಿಸಿದುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ. ಈ ಕೆಲಸದ ಹೊಣೆಯನ್ನು ನಾವು ಗಮನಿಸಬೇಕು. ಆಕಾರ ಕೆಡದ ಪದಾರ್ಥವು ಕುಶಲಕರ್ಮಿಯ ನೈಪುಣ್ಯವನ್ನು ಕಾಪಾಡುವಂತೆ ಅವನ ತಪ್ಪನ್ನೂ ಕಾಪಾಡುವುದು. ತಿದ್ದುವ ಭಾರವೆಲ್ಲ ಕೈಯ ಮೇಲೆಯೇ.

ಬಾಪ್ಪು ಅವರು 1982ರಲ್ಲಿ ನಿಧನರಾದರು. 1986ರಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ಉದ್ಘಾಟನೆಗೊಂಡ ಆ ದೂರದರ್ಶಕವು ಅವರ ಹೆಸರನ್ನೇ ಪಡೆಯಿತು.