ಕಾರ್ನರ್ ಸೈಟ್ ಕಾಂಪೌಂಡ್ ಎಷ್ಟು ಎತ್ತರ ಇರಬೇಕು? ನೋಯ್ಡಾದಲ್ಲಿ ಮನೆ ಕಟ್ಟುವವರು ತಿಳಿಯಬೇಕಾದ ನಿಯಮ, ವಿನಾಯಿತಿಗಳ ವಿವರ ಇಲ್ಲಿದೆ

ನೋಯ್ಡಾ: ಕಾರ್ನರ್ ಸೈಟ್ ಸಿಕ್ಕರೆ ಅದೃಷ್ಟ ಎನ್ನುವವರೇ ಹೆಚ್ಚು. ಎರಡು ಕಡೆ ರಸ್ತೆ ಇರುತ್ತದೆ, ಗಾಳಿ ಬೆಳಕಿಗೆ ಕೊರತೆಯಿಲ್ಲ, ಮಾರುವಾಗ ಒಳ್ಳೆಯ ಬೆಲೆಯೂ ಬರುತ್ತದೆ. ಆದರೆ ಎರಡು ಕಡೆ ರಸ್ತೆ ಎಂದರೆ ಎರಡು ಕಡೆಯ ದೂಳು, ಸದ್ದು, ದಾರಿಹೋಕರ ಕಣ್ಣು. ಹಾಗಾಗಿ ಮನೆ ಮುಗಿಯುವ ಹೊತ್ತಿಗೆ ಬಹಳಷ್ಟು ಮಾಲೀಕರು ಸುತ್ತಲೂ ಆಳೆತ್ತರದ ಕಾಂಪೌಂಡ್ ಎಬ್ಬಿಸಲು ಮೇಸ್ತ್ರಿಗೆ ಹೇಳಿಬಿಡುತ್ತಾರೆ. ಕಟ್ಟಡ ನಿಯಮ ಹೇಳುವುದು ಇದಕ್ಕೆ ತದ್ವಿರುದ್ಧ. ಎರಡು ರಸ್ತೆ ಸೇರುವ ಮೂಲೆಯಲ್ಲಿ ಗೋಡೆ ಉಳಿದ ಕಡೆಗಿಂತ ತಗ್ಗಾಗಿರಬೇಕು.

ಈ ನಿಯಮ ಯಾಕೆ ಬಂತು, ಅಳತೆ ಎಷ್ಟು, ವಿನಾಯಿತಿ ಸಿಗುತ್ತದೆಯೇ, ಈಗಾಗಲೇ ಕಟ್ಟಿಬಿಟ್ಟಿದ್ದರೆ ಏನಾಗುತ್ತದೆ? ದೆಹಲಿ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೂ ಊರಲ್ಲಿ ಸೈಟ್ ಇರುವವರಿಗೂ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ನೋಯ್ಡಾದಲ್ಲಿ ನಿಯಮ ಮಾಡುವವರು ಯಾರು?

ಬೆಂಗಳೂರಿನಲ್ಲಿ ಸೈಟ್ ಹಂಚುವುದು ಬಿಡಿಎ, ಸಾಮಾನ್ಯವಾಗಿ ಮನೆಯ ನಕ್ಷೆ ಮಂಜೂರು ಮಾಡುವುದು ಪಾಲಿಕೆ. ನೋಯ್ಡಾದಲ್ಲಿ ಹಾಗಿಲ್ಲ. ಅಲ್ಲಿ ಮಹಾನಗರ ಪಾಲಿಕೆಯೇ ಇಲ್ಲ. ಉತ್ತರ ಪ್ರದೇಶ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆಯಡಿ 1976ರ ಏಪ್ರಿಲ್ 17ರಂದು ಸ್ಥಾಪನೆಯಾದ ನೋಯ್ಡಾ ಪ್ರಾಧಿಕಾರವೇ ಜಾಗ ಹಂಚುತ್ತದೆ, ನಕ್ಷೆ ಮಂಜೂರು ಮಾಡುತ್ತದೆ, ರಸ್ತೆ, ಚರಂಡಿ, ಪಾರ್ಕ್‌ಗಳನ್ನೂ ನೋಡಿಕೊಳ್ಳುತ್ತದೆ.

ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಪ್ರಾಧಿಕಾರ ಹಂಚುವ ವಸತಿ ನಿವೇಶನಗಳು ಸಾಮಾನ್ಯವಾಗಿ 90 ವರ್ಷಗಳ ಗುತ್ತಿಗೆಯವು. ಅಂದರೆ ನಿಮ್ಮ ಕೈಯಲ್ಲಿರುವುದು ಲೀಸ್ ಡೀಡ್. ಅದರಲ್ಲಿರುವ ಷರತ್ತುಗಳೂ ಕಟ್ಟಡ ನಿಯಮದಷ್ಟೇ ಮುಖ್ಯ.

1976ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಗೋಡೆ, ಬೇಲಿ, ಗಿಡದ ಬೇಲಿಗಳ ಎತ್ತರ ಮತ್ತು ಅವು ಇರಬೇಕಾದ ಜಾಗದ ಬಗ್ಗೆ ಪ್ರಾಧಿಕಾರ ನಿರ್ದೇಶನ ನೀಡಬಹುದು. ಗಿಡದ ಬೇಲಿಯ ಹೆಸರೂ ಕಾಯ್ದೆಯಲ್ಲೇ ಇರುವುದನ್ನು ಗಮನಿಸಿ. ನಿಯಮಾವಳಿ ಮೀರಿ ಕಟ್ಟಡ ಕಟ್ಟುವುದನ್ನು 9ನೇ ಸೆಕ್ಷನ್ ನಿಷೇಧಿಸುತ್ತದೆ. ಷರತ್ತು ಉಲ್ಲಂಘನೆಯಾದರೆ ನಿವೇಶನವನ್ನೇ ಹಿಂಪಡೆಯುವ ಅಧಿಕಾರ 14ನೇ ಸೆಕ್ಷನ್‌ನಲ್ಲಿದೆ. ಇವುಗಳ ಜೊತೆಗೆ ಪ್ರಾಧಿಕಾರದ 2010ರ ಕಟ್ಟಡ ನಿಯಮಾವಳಿ ಇದೆ.

ಎತ್ತರದ ಲೆಕ್ಕ ಏನು?

ದೇಶದ ನಗರಗಳ ಕಟ್ಟಡ ಬೈಲಾಗಳಿಗೆ ಮಾದರಿಯಾಗಿರುವುದು ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ. 1970ರಲ್ಲಿ ಮೊದಲು ಬಂದ ಇದು 1983, 2005 ಮತ್ತು 2016ರಲ್ಲಿ ಪರಿಷ್ಕರಣೆಯಾಗಿದೆ. ಕಾಂಪೌಂಡ್ ಗೋಡೆಗೆ ಸಂಹಿತೆ ಕೊಡುವ ಮಾದರಿ ಅಳತೆ ಹೀಗಿದೆ:

• ಸಾಮಾನ್ಯ ಗೋಡೆ: ವಿಶೇಷ ಅನುಮತಿ ಇಲ್ಲದಿದ್ದರೆ ಗರಿಷ್ಠ 1.5 ಮೀಟರ್, ಅಂದರೆ ಸುಮಾರು 5 ಅಡಿ.
• ಇನ್ನೂ ಎತ್ತರ ಬೇಕಿದ್ದರೆ: 2.4 ಮೀಟರ್, ಸುಮಾರು 8 ಅಡಿವರೆಗೆ ಅವಕಾಶವಿದೆ. ಆದರೆ ಮೇಲಿನ 0.9 ಮೀಟರ್, ಅಂದರೆ 3 ಅಡಿ, ಆಚೆಗೆ ಕಾಣುವಂತೆ ತೆರೆದ ವಿನ್ಯಾಸದಲ್ಲಿರಬೇಕು. ಆ ವಿನ್ಯಾಸಕ್ಕೂ ಒಪ್ಪಿಗೆ ಬೇಕು.
• ಕಾರ್ನರ್ ಸೈಟ್: ರಸ್ತೆಗಳು ಸೇರುವ ಮೂಲೆಯಿಂದ ಮುಂಭಾಗಕ್ಕೆ 10 ಮೀಟರ್, ಪಕ್ಕಕ್ಕೆ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್, ಅಂದರೆ ಸುಮಾರು ಎರಡೂವರೆ ಅಡಿ ಮೀರಬಾರದು. ಉಳಿದ 0.75 ಮೀಟರ್ ಬೇಕೆಂದರೆ ಕಂಬಿ ಅಥವಾ ರೇಲಿಂಗ್ ಹಾಕಿಕೊಳ್ಳಬಹುದು.

ಜೈಲಿನ ಗೋಡೆಗೆ ಈ ಮಿತಿ ಅನ್ವಯಿಸುವುದಿಲ್ಲ. ಕೈಗಾರಿಕಾ ಕಟ್ಟಡ, ವಿದ್ಯುತ್ ಸಬ್‌ಸ್ಟೇಷನ್‌ನಂಥ ಜಾಗಗಳಿಗೂ ಹೆಚ್ಚಿನ ಎತ್ತರಕ್ಕೆ ಅವಕಾಶವಿದೆ.

ಸಂಹಿತೆ ಮಾದರಿ ಮಾತ್ರ. ನಿಮ್ಮ ನಿವೇಶನಕ್ಕೆ ಕೊನೆಯ ಮಾತು ಸ್ಥಳೀಯ ನಿಯಮಾವಳಿ, ಮಂಜೂರಾದ ನಕ್ಷೆ ಮತ್ತು ಲೀಸ್ ಡೀಡ್‌ನದು. ಕಾಂಪೌಂಡ್‌ನ ಅಳತೆಯನ್ನೂ ನಕ್ಷೆಯಲ್ಲೇ ಬರೆಸಿಕೊಂಡರೆ ಮುಂದೆ ತಕರಾರಿಗೆ ಎಡೆ ಇರುವುದಿಲ್ಲ.

ಎಲ್ಲಿಂದ ಅಳೆಯಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಸಂಹಿತೆಯ ಪ್ರಕಾರ ಗೋಡೆಯ ಎತ್ತರವನ್ನು ಮುಂದಿನ ರಸ್ತೆಯ ಮಧ್ಯರೇಖೆಯ ಮಟ್ಟದಿಂದ ಲೆಕ್ಕ ಹಾಕಬೇಕು, ಮನೆಯೊಳಗಿನ ಅಂಗಳದಿಂದ ಅಲ್ಲ.

ಮಳೆನೀರು ನುಗ್ಗಬಾರದೆಂದು ಅಂಗಳವನ್ನು ಎರಡು ಅಡಿ ಎತ್ತರಿಸಿದ್ದೀರಿ ಎಂದುಕೊಳ್ಳಿ. ಅದರ ಮೇಲೆ ಐದಡಿ ಗೋಡೆ ಕಟ್ಟಿದರೆ ಒಳಗಿನಿಂದ ನೋಡುವ ನಿಮಗೆ ಅದು ಐದಡಿ. ರಸ್ತೆಯಿಂದ ಅಳೆಯುವ ಅಧಿಕಾರಿಗೆ ಏಳಡಿ.

30x40 ಸೈಟ್‌ಗೆ ಇದು ಹೇಗೆ ಅನ್ವಯಿಸುತ್ತದೆ?

10 ಮೀಟರ್ ಎಂದರೆ ಸುಮಾರು 33 ಅಡಿ. ಓದುವಾಗ ಸಣ್ಣ ಅಳತೆ ಅನಿಸಿದರೂ ಸಣ್ಣ ಸೈಟ್‌ಗೆ ಇದು ದೊಡ್ಡದೇ. ನಮ್ಮೂರಿನ 30x40 ಕಾರ್ನರ್ ಸೈಟ್‌ಗೆ ಈ ಮಾದರಿ ಅಳತೆಯನ್ನು ಹಚ್ಚಿ ನೋಡಿ. 30 ಅಡಿಯ ಮುಂಭಾಗ ಪೂರ್ತಿ ಇದರೊಳಗೆ ಬರುತ್ತದೆ. 40 ಅಡಿಯ ಪಕ್ಕದಲ್ಲಿ 33 ಅಡಿ ಇದರೊಳಗೆ ಹೋಗಿ ಉಳಿಯುವುದು ಬರೀ 7 ಅಡಿ. ನೋಯ್ಡಾದಲ್ಲಿ 10 ಮೀಟರ್ ಅಗಲ, 20 ಮೀಟರ್ ಉದ್ದದ ಪ್ಲಾಟ್ ಇದ್ದರೆ ಮುಂಭಾಗವಿಡೀ, ಪಕ್ಕದಲ್ಲಿ ಅರ್ಧದಷ್ಟು ತಗ್ಗು ಗೋಡೆಯೇ ಆಗಬೇಕಾಗುತ್ತದೆ.

ಹಾಗೆಂದು ಮನೆ ಬಯಲಾಗಿಬಿಡುತ್ತದೆ ಎಂದು ಗಾಬರಿಯಾಗಬೇಕಿಲ್ಲ. ಎರಡೂವರೆ ಅಡಿ ಗೋಡೆ, ಅದರ ಮೇಲೆ ಎರಡೂವರೆ ಅಡಿ ಕಂಬಿ ಸೇರಿದರೆ ಒಟ್ಟು ಐದಡಿಯೇ ಆಯಿತು. ಹೊರಗಿನವರು ಹತ್ತಿ ಬರುವುದು ಅಷ್ಟೇ ಕಷ್ಟ. ಬದಲಾಗುವುದು ಒಂದೇ, ಗೋಡೆಯ ಆಚೆ ಏನಿದೆ ಎಂಬುದು ಕಾಣುತ್ತದೆ. ನಿಯಮದ ಉದ್ದೇಶವೂ ಅದೇ.

ಎರಡೂವರೆ ಅಡಿಯೇ ಯಾಕೆ?

ರಸ್ತೆ ವಿನ್ಯಾಸಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕಾರು ಚಾಲಕನ ಕಣ್ಣಿನ ಮಟ್ಟವನ್ನು ರಸ್ತೆಯಿಂದ 1.2 ಮೀಟರ್, ಅಂದರೆ ಸುಮಾರು 4 ಅಡಿ ಎಂದು ಲೆಕ್ಕ ಹಿಡಿಯುತ್ತದೆ. ಐದಡಿ ಗೋಡೆ ಆ ಕಣ್ಣಿಗಿಂತ ಮೇಲಿದೆ, ಎರಡೂವರೆ ಅಡಿ ಗೋಡೆ ಕೆಳಗಿದೆ.

ಅಪಾಯ ಕಂಡ ಮೇಲೆ ಚಾಲಕ ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಬೇಕು ಎಂಬುದೂ ಇದೇ ಮಾನದಂಡದ ಲೆಕ್ಕ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ಕಾರು ಅಷ್ಟರಲ್ಲಿ ಸುಮಾರು 21 ಮೀಟರ್ ಮುಂದೆ ಹೋಗಿರುತ್ತದೆ. ಪೂರ್ತಿ ನಿಲ್ಲಲು ವಿನ್ಯಾಸದಲ್ಲಿ 30 ಮೀಟರ್ ದೂರ ಬಿಡಬೇಕು. ವೇಗ 40 ಕಿ.ಮೀ. ಆದರೆ ಈ ದೂರ 45 ಮೀಟರ್.

ಈಗ ಅಡ್ಡರಸ್ತೆಯಿಂದ ಸೈಕಲ್ ತುಳಿದು ಬರುವ ಮಗುವನ್ನು ನೆನೆಯಿರಿ. ಮೂಲೆಯಲ್ಲಿ ಐದಡಿ ಗಟ್ಟಿ ಗೋಡೆ ಇದ್ದರೆ ಮಗು ರಸ್ತೆಗೆ ಇಳಿದ ಮೇಲೆಯೇ ಚಾಲಕನಿಗೆ ಕಾಣುವುದು. ಗೋಡೆ ತಗ್ಗಿದ್ದರೆ ಮೊದಲೇ ತಲೆ ಕಾಣುತ್ತದೆ, ಬ್ರೇಕ್ ಒತ್ತಲು ಸಮಯ ಸಿಗುತ್ತದೆ. ತಗ್ಗು ಗೋಡೆಯಿಂದ ಉಳಿಯುವ ಜೀವ ದಿನಾ ಅದೇ ಮೂಲೆ ದಾಟುವ ಮಾಲೀಕನ ಮನೆಯ ಮಗುವಿನದೂ ಆಗಿರಬಹುದು.

ಹಾಗಾಗಿ ಕಂಬಿ ಹಾಕಿದ ಮೇಲೆ ಅದಕ್ಕೆ ಫೈಬರ್ ಶೀಟ್ ಕಟ್ಟುವುದು, ಹಸಿರು ಬಲೆ ಬಿಗಿಯುವುದು, ದಟ್ಟ ಬಳ್ಳಿ ಹಬ್ಬಿಸುವುದು ಮಾಡಿದರೆ ನಿಯಮ ಪಾಲಿಸಿದಂತೆ ಆಗುವುದಿಲ್ಲ. ಅಲ್ಲಿ ನೋಟ ಮುಚ್ಚುವುದು ಗೋಡೆಯಾದರೂ ಒಂದೇ, ದಾಸವಾಳದ ಬೇಲಿಯಾದರೂ ಒಂದೇ.

ವಿನಾಯಿತಿ ಸಿಗುತ್ತದೆಯೇ?

ಅಮೆರಿಕದ ನಗರಗಳಲ್ಲಿ ಇದಕ್ಕೆ ‘ವೇರಿಯನ್ಸ್’ ಎಂಬ ವ್ಯವಸ್ಥೆ ಇದೆ. ಕಟ್ಟುವ ಮೊದಲೇ ಮಂಡಳಿಗೆ ಅರ್ಜಿ ಹಾಕಬೇಕು, ನೆರೆಹೊರೆಯವರ ಅಹವಾಲು ಕೇಳಲಾಗುತ್ತದೆ. ಜಾಗದ ಆಕಾರ ಅಥವಾ ಇಳಿಜಾರಿನಿಂದ ನಿಯಮ ಪಾಲಿಸುವುದು ನಿಜಕ್ಕೂ ಕಷ್ಟ ಎಂದು ತೋರಿಸಬೇಕು. ಎತ್ತರದ ಗೋಡೆ ನನಗಿಷ್ಟ ಎಂಬ ಕಾರಣ ನಡೆಯುವುದಿಲ್ಲ.

ನಮ್ಮಲ್ಲಿ ‘ವಿಶೇಷ ಅನುಮತಿ’ ಎಂಬ ದಾರಿ ನಿಯಮದಲ್ಲೇ ಇದೆ. ಆದರೆ ರೂಢಿಯಲ್ಲಿರುವುದು ಮೊದಲು ಕಟ್ಟಿ ಆಮೇಲೆ ದಂಡ ಕಟ್ಟುವ ದಾರಿ. ಕರ್ನಾಟಕದಲ್ಲಿ ಇದನ್ನು ಸಕ್ರಮ ಎನ್ನುತ್ತೇವೆ, ಉತ್ತರ ಪ್ರದೇಶದಲ್ಲಿ ‘ಶಮನ’. ಆ ರಾಜ್ಯದ 1973ರ ನಗರ ಯೋಜನೆ ಮತ್ತು ಅಭಿವೃದ್ಧಿ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ.

ಇದನ್ನೇ ನಂಬಿ ಗೋಡೆ ಎಬ್ಬಿಸುವುದು ಅಪಾಯ. ಒಡಿಶಾದ ಫ್ರೆಂಡ್ಸ್ ಕಾಲೋನಿ ಪ್ರಕರಣದಲ್ಲಿ 2004ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳುವುದು ಅಪವಾದವಾಗಿರಬೇಕೇ ಹೊರತು ಅದೇ ನಿಯಮವಾಗಬಾರದು ಎಂದಿತು. ತಿಳಿಯದೆ ಆದ ಸಣ್ಣ ವ್ಯತ್ಯಾಸ ಬೇರೆ, ಬೇಕೆಂದೇ ಮಾಡಿದ ಉಲ್ಲಂಘನೆ ಬೇರೆ ಎಂಬುದು ಅದರ ನಿಲುವು.

ಮೀರತ್‌ನ ಅನಧಿಕೃತ ಕಟ್ಟಡದ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ಕೋರ್ಟ್ ಇನ್ನೂ ಕಟುವಾಗಿತ್ತು. ಕಟ್ಟಿ ಹಲವು ವರ್ಷವಾಯಿತು, ಅಧಿಕಾರಿಗಳು ಸುಮ್ಮನಿದ್ದರು, ಬಹಳ ಹಣ ಸುರಿದಿದ್ದೇವೆ ಎಂಬ ಕಾರಣಗಳಿಂದ ಅಕ್ರಮ ಸಕ್ರಮವಾಗದು ಎಂದು ಹೇಳಿತು. ನೋಯ್ಡಾದಲ್ಲಿ ಇದಕ್ಕೆ ಕಣ್ಣೆದುರಿನ ಸಾಕ್ಷಿಯೂ ಇದೆ. ಸೂಪರ್‌ಟೆಕ್‌ನ ಅವಳಿ ಗೋಪುರಗಳನ್ನು ಕೆಡವಲು 2021ರ ಆಗಸ್ಟ್ 31ರಂದು ಕೋರ್ಟ್ ಆದೇಶಿಸಿತು. 2022ರ ಆಗಸ್ಟ್ 28ರಂದು ಅವು ನೆಲಕ್ಕುರುಳಿದವು. ಕಟ್ಟಡಗಳ ನಡುವೆ ಬಿಡಬೇಕಾದ ಅಂತರ ಬಿಡದಿದ್ದುದು ಆ ಪ್ರಕರಣದ ಮುಖ್ಯ ಅಂಶಗಳಲ್ಲಿ ಒಂದು.

ಕರ್ನಾಟಕದಲ್ಲಿ ಏನಿದೆ?

2007ರಲ್ಲಿ ಜಾರಿಯಾದ ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ರ ವಲಯ ನಿಯಮಗಳಲ್ಲಿ ಕಾರ್ನರ್ ಸೈಟ್‌ನ ರಸ್ತೆ ಬದಿಯ ಎರಡೂ ಪಕ್ಕಗಳನ್ನು ‘ಮುಂಭಾಗ’ ಎಂದೇ ಪರಿಗಣಿಸಿ ಸೆಟ್‌ಬ್ಯಾಕ್ ಬಿಡಬೇಕು ಎಂದಿದೆ. ಬಿಬಿಎಂಪಿ ಜಾಗದಲ್ಲಿ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳಿರುವುದರಿಂದ ಕಟ್ಟುವ ಮೊದಲು ನಿಮ್ಮ ಪಾಲಿಕೆಯಲ್ಲಿ ವಿಚಾರಿಸಿಕೊಳ್ಳಿ.

ರಾಜ್ಯದ ಅಕ್ರಮ-ಸಕ್ರಮ ಯೋಜನೆಯಲ್ಲಿ ವಸತಿ ಕಟ್ಟಡಗಳ ಶೇ 50ರವರೆಗಿನ ಉಲ್ಲಂಘನೆಗೆ ಅವಕಾಶ ಕೊಡಲಾಗಿತ್ತು. ಆದರೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ನೆರೆಯವರು ಪ್ರಶ್ನಿಸಬಹುದೇ?

ಪ್ರಶ್ನಿಸಬಹುದು. ಈ ಹಕ್ಕಿಗೆ ಬಲ ಕೊಟ್ಟ ಪ್ರಮುಖ ತೀರ್ಪು ನಮ್ಮ ಉಡುಪಿಯದೇ. ವಸತಿ ಪ್ರದೇಶದಲ್ಲಿ ನಗರ ಯೋಜನೆಗೆ ವಿರುದ್ಧವಾಗಿ ಚಿತ್ರಮಂದಿರಕ್ಕೆ ಪುರಸಭೆ ಅನುಮತಿ ಕೊಟ್ಟಿದ್ದನ್ನು ನಿವಾಸಿಯೊಬ್ಬರು ಪ್ರಶ್ನಿಸಿದ್ದರು. ಯೋಜನೆ ಇರುವುದು ನಿವಾಸಿಗಳ ಹಿತಕ್ಕಾಗಿ, ಅದನ್ನು ಮೀರಿ ಅನುಮತಿ ನೀಡುವ ಅಧಿಕಾರ ಪುರಸಭೆಗೂ ಇಲ್ಲ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನೋಯ್ಡಾದಲ್ಲಿ ಮೊದಲು ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಫೋಟೊ, ಅಳತೆ, ದಿನಾಂಕ ಜೊತೆಗಿರಲಿ. ಉತ್ತರ ಪ್ರದೇಶ ಸರ್ಕಾರದ ‘ಜನಸುನ್ವಾಯಿ’ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಅದಕ್ಕೂ ಮೊದಲು ಪಕ್ಕದ ಮನೆಯವರ ಜೊತೆ ಕೂತು ಒಮ್ಮೆ ಮಾತಾಡಿ ನೋಡುವುದು ಒಳ್ಳೆಯದು. ನಿಯಮ ಗೊತ್ತಿಲ್ಲದೇ ಕಟ್ಟಿದವರೂ ಇರುತ್ತಾರೆ.

ನೋಟಿಸ್ ಇಲ್ಲದೆ ಗೋಡೆ ಕೆಡವಬಹುದೇ?

ಗೋಡೆ ನಿಮ್ಮ ಗಡಿಯೊಳಗಿದ್ದು ಎತ್ತರ ಮಾತ್ರ ಹೆಚ್ಚಿದ್ದರೆ ನೋಟಿಸ್ ಕೊಡಲೇಬೇಕು. ತೆರವಿಗೆ ಮುನ್ನ ಕನಿಷ್ಠ 15 ದಿನ ಅಥವಾ ಸ್ಥಳೀಯ ಕಾನೂನಿನಲ್ಲಿರುವ ಅವಧಿ, ಯಾವುದು ಹೆಚ್ಚೋ ಅಷ್ಟು ಕಾಲಾವಕಾಶ ನೀಡಬೇಕು, ಮಾಲೀಕರ ವಾದ ಕೇಳಬೇಕು ಎಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿದೆ.

ಆದರೆ ರಸ್ತೆ, ಬೀದಿ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ನಿರ್ಮಾಣಕ್ಕೆ ಈ ರಕ್ಷಣೆ ಇಲ್ಲ. ಮನೆ ಮುಂದಿನ ಪಟ್ಟಿಗೆ ಹೂಗಿಡ ನೆಟ್ಟು, ಸುತ್ತ ಗ್ರಿಲ್ ಹಾಕಿ, ಮೆಲ್ಲನೆ ತಮ್ಮದಾಗಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಅಲ್ಲಿ ಪ್ರಶ್ನೆ ಎತ್ತರದ್ದಲ್ಲ, ಜಾಗ ಯಾರದು ಎಂಬುದು.

ಕಟ್ಟುವ ಮುನ್ನ ಇಷ್ಟು ಮಾಡಿ

• ಲೀಸ್ ಡೀಡ್ ಮತ್ತು ಮಂಜೂರಾದ ನಕ್ಷೆಯಲ್ಲಿ ಕಾಂಪೌಂಡ್ ಬಗ್ಗೆ ಏನಿದೆ ಎಂದು ಓದಿ.
• ಗಡಿ ಕಲ್ಲುಗಳನ್ನು ಸರ್ವೆಯವರಿಂದ ಗುರುತು ಮಾಡಿಸಿ. ಅರ್ಧ ಅಡಿ ಆಚೆ ಹೋದರೂ ಅದು ಒತ್ತುವರಿ.
• ರಸ್ತೆಯ ಮಧ್ಯಮಟ್ಟದಿಂದ ಎತ್ತರ ಅಳೆದು ಮೇಸ್ತ್ರಿಗೆ ಗುರುತು ಹಾಕಿಕೊಡಿ.
• ಮೂಲೆಯಿಂದ ಎರಡೂ ಕಡೆ ತಗ್ಗು ಗೋಡೆ ಎಲ್ಲಿವರೆಗೆ ಎಂದು ಮೊದಲೇ ಗೆರೆ ಎಳೆಯಿರಿ.
• ಗೇಟನ್ನು ಮೂಲೆಯಿಂದ ದೂರವಿಡಿ, ಬಾಗಿಲು ಒಳಕ್ಕೆ ತೆರೆಯುವಂತಿರಲಿ.
• ಹೆಚ್ಚಿನ ಎತ್ತರ ಬೇಕೇ ಬೇಕೆಂದರೆ ಕಾರಣ ಬರೆದು ಅನುಮತಿ ಕೇಳಿ. ಬಾಯಿಮಾತಿನ ಒಪ್ಪಿಗೆ ಸಾಲದು.
• ಹಳೆ ಮನೆ ಕೊಳ್ಳುವುದಾದರೆ ಗೋಡೆಯನ್ನೂ ಅಳೆಯಿರಿ. ಹಿಂದಿನ ಮಾಲೀಕರ ಉಲ್ಲಂಘನೆಗೆ ನೋಟಿಸ್ ಬರುವುದು ಈಗಿರುವವರ ಬಾಗಿಲಿಗೆ.

ಇವೆಲ್ಲಕ್ಕೂ ಬೇಕಿರುವುದು ಒಂದು ಟೇಪು, ಅರ್ಧ ದಿನದ ಕೆಲಸ. ಕಟ್ಟಿದ ಗೋಡೆಯನ್ನು ಒಡೆಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.