ಪೋಷಕರ ಸಮ್ಮತಿಯಿಲ್ಲದ ವಿವಾಹ

ವಯಸ್ಕರಾದ ಗಂಡು ಹೆಣ್ಣು ತಂದೆ-ತಾಯಿಯ ಒಪ್ಪಿಗೆ ಪಡೆಯದೆ, ಅಥವಾ ಅವರ ವಿರೋಧವನ್ನು ಮೀರಿ, ತಾವೇ ನಿಶ್ಚಯಿಸಿಕೊಂಡು ಆಗುವ ಮದುವೆಯನ್ನು ಪೋಷಕರ ಸಮ್ಮತಿಯಿಲ್ಲದ ವಿವಾಹ ಎನ್ನಲಾಗುತ್ತದೆ. ಆಡುಮಾತಿನಲ್ಲಿ ಇದು ‘ಓಡಿಹೋಗಿ ಆದ ಮದುವೆ’. ಕಾನೂನಿನಲ್ಲಿ ಅಂತಹ ಪ್ರತ್ಯೇಕ ವರ್ಗವಿಲ್ಲ. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳ ಪ್ರಕಾರ ವರನಿಗೆ 21, ವಧುವಿಗೆ 18 ವರ್ಷ ತುಂಬಿದ್ದರೆ ಪೋಷಕರ ಸಮ್ಮತಿ ಅಗತ್ಯವಲ್ಲ.

ಹಿನ್ನೆಲೆ

ಪೋಷಕರ ಸಮ್ಮತಿಗೆ ಹಿಂದೆ ಕಾನೂನಿನಲ್ಲೇ ಸ್ಥಾನವಿತ್ತು. 1872ರ ವಿಶೇಷ ವಿವಾಹ ಕಾಯ್ದೆಯಂತೆ 21 ವರ್ಷ ತುಂಬದವರು ತಂದೆ ಅಥವಾ ಪಾಲಕರ ಅನುಮತಿ ಪಡೆಯಬೇಕಿತ್ತು. 1955ರ ಹಿಂದೂ ವಿವಾಹ ಕಾಯ್ದೆಯು ವಧುವಿನ ಕನಿಷ್ಠ ವಯಸ್ಸನ್ನು 15 ಎಂದಿರಿಸಿ, 18 ತುಂಬದ ವಧುವಿಗೆ ಪಾಲಕರ ಒಪ್ಪಿಗೆಯನ್ನು ವಿಧಿಸಿತ್ತು. 1978ರ ತಿದ್ದುಪಡಿಯಿಂದ ವಯಸ್ಸು ಏರಿತು; ಆ ಷರತ್ತು ರದ್ದಾಯಿತು.

ಕರ್ನಾಟಕದಲ್ಲಿ ಈ ವಿಷಯ ಬಂದಾಗಲೆಲ್ಲ 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳಿಗೆ ನಡೆದ ಮದುವೆಯನ್ನು ನೆನೆಯುವುದು ರೂಢಿ. ಆದರೆ ಅದು ತಂದೆಯರೇ ಒಪ್ಪಿ ಮಾಡಿದ ಸಂಬಂಧ. ವಿರೋಧ ಬಂದದ್ದು ಸಮಾಜ ಮತ್ತು ಅರಸೊತ್ತಿಗೆಯಿಂದ. ಎರಡನ್ನೂ ಒಂದೇ ಎಂದು ಭಾವಿಸುವುದು ಸರಿಯಲ್ಲ.

2020ರ ಬೆಳಗಾವಿ ಪ್ರಕರಣ

ಉತ್ತರ ಕರ್ನಾಟಕಕ್ಕೆ ಸಂಬಂಧಿಸಿದ ಪ್ರಮುಖ ತೀರ್ಪು 2021ರ ಫೆಬ್ರುವರಿ 8ರದು. ಬೆಳಗಾವಿ ಜಿಲ್ಲೆಯ ಉಪನ್ಯಾಸಕಿಯೊಬ್ಬರು ಮನೆಯವರಿಗೆ ತಿಳಿಸದೆ ಹುಬ್ಬಳ್ಳಿಯಿಂದ ವಿಮಾನದಲ್ಲಿ ಬೆಂಗಳೂರಿಗೂ ಅಲ್ಲಿಂದ ದೆಹಲಿಗೂ ತೆರಳಿ, ತಾವು ಮೆಚ್ಚಿದ ಸಹಾಯಕ ಪ್ರಾಧ್ಯಾಪಕರನ್ನು ವರಿಸಿದರು. ವರನ ತಂದೆ-ತಾಯಿ ಒಪ್ಪಿದ್ದರು. ವಿರೋಧವಿದ್ದದ್ದು ವಧುವಿನ ಮನೆಯಲ್ಲಿ. ಮಗಳು ಕಾಣೆಯಾಗಿದ್ದಾಳೆಂದು ತಂದೆ 2020ರ ಅಕ್ಟೋಬರ್‌ನಲ್ಲಿ ಮುರಗೋಡ ಠಾಣೆಗೆ ದೂರಿತ್ತರು. ಮದುವೆಯ ವಿಷಯ ತಿಳಿದ ಮೇಲೂ ತನಿಖಾಧಿಕಾರಿ ವಧು ಠಾಣೆಗೇ ಬಂದು ಹೇಳಿಕೆ ನೀಡಬೇಕೆಂದು ಒತ್ತಾಯಿಸಿ, ಬಾರದಿದ್ದರೆ ಪತಿಯ ಮೇಲೆ ಅಪಹರಣದ ಪ್ರಕರಣ ಹೂಡುವ ಮಾತಾಡಿದರೆಂಬುದು ದಂಪತಿಯ ಅಳಲಾಗಿತ್ತು.

ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರ ಸರ್ವೋಚ್ಚ ನ್ಯಾಯಾಲಯದ ಪೀಠವು ಪ್ರಕರಣವನ್ನು ರದ್ದುಗೊಳಿಸಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬ, ಸಮುದಾಯ ಅಥವಾ ಕುಲದ ಸಮ್ಮತಿ ಬೇಕಿಲ್ಲವೆಂದು ಸ್ಪಷ್ಟಪಡಿಸಿತು. ಇಂತಹ ಸೂಕ್ಷ್ಮ ಪ್ರಕರಣಗಳನ್ನು ನಿರ್ವಹಿಸಲು ಪೊಲೀಸರಿಗೆ ಎಂಟು ವಾರಗಳಲ್ಲಿ ಮಾರ್ಗಸೂಚಿ ಮತ್ತು ತರಬೇತಿ ರೂಪಿಸಬೇಕೆಂದಿತು. ಜಾತಿಯ ನೆಪದಲ್ಲಿ ಮಗಳು-ಅಳಿಯನನ್ನು ದೂರವಿಡದೆ ಸಂಬಂಧ ಮುಂದುವರಿಸುವಂತೆ ಹೆತ್ತವರಿಗೂ ಕಿವಿಮಾತು ಹೇಳಿತು. ತೀರ್ಪಿನಲ್ಲಿ ಡಾ. ಬಿ. ಆರ್. ಅಂಬೇಡ್ಕರರ ‘ಜಾತಿ ವಿನಾಶ’ ಕೃತಿಯ ಉಲ್ಲೇಖವಿದೆ.

ನೋಂದಣಿ ಮತ್ತು ವಯಸ್ಸು

1954ರ ವಿಶೇಷ ವಿವಾಹ ಕಾಯ್ದೆಯಡಿ ಮೂವತ್ತು ದಿನಗಳ ಮುನ್ಸೂಚನೆಯನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಪ್ರಕಟಿಸಲಾಗುತ್ತದೆ. ಪೋಷಕರ ಅಸಮ್ಮತಿ ಆಕ್ಷೇಪಣೆಗೆ ಆಧಾರವಾಗದು; ಆದರೂ ಫಲಕದ ಮೇಲಿನ ಆ ಕಾಗದವೇ ಮನೆಯವರಿಗೆ ಸುದ್ದಿ ಮುಟ್ಟಿಸಬಲ್ಲದು. ಈ ಭಯದಿಂದ ಅನೇಕ ಹಿಂದೂ ಜೋಡಿಗಳು ದೇವಸ್ಥಾನದಲ್ಲಿ ಮದುವೆಯಾಗಿ ಬಳಿಕ ನೋಂದಾಯಿಸುತ್ತಾರೆ. ವಿಧಿಪೂರ್ವಕ ಆಚರಣೆಯಿಲ್ಲದೆ ಕೇವಲ ನೋಂದಣಿಯಿಂದ ಹಿಂದೂ ವಿವಾಹ ಸಿದ್ಧಿಸದೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿದೆ.

ವಯಸ್ಸಿನ ವಿಷಯದಲ್ಲಿ ಎಚ್ಚರ ಅಗತ್ಯ. ಹುಡುಗಿಗೆ 18 ತುಂಬಿ ಹುಡುಗನಿಗೆ 21 ತುಂಬದಿದ್ದರೂ ಅದು ಬಾಲ್ಯವಿವಾಹವೇ. ಕರ್ನಾಟಕ ತಂದ ತಿದ್ದುಪಡಿಯಿಂದಾಗಿ ಇಂತಹ ಮದುವೆ ಇಲ್ಲಿ ಆರಂಭದಿಂದಲೇ ಅಸಿಂಧು.

ಧಾರವಾಡ ಪೀಠ

ಮಗಳನ್ನು ಅಕ್ರಮವಾಗಿ ಇರಿಸಿಕೊಳ್ಳಲಾಗಿದೆಯೆಂದು ಹೆತ್ತವರು ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಕಾಯಂ ಆದ ಮೇಲೆ ಈ ಭಾಗದವರು ಬೆಂಗಳೂರಿಗೆ ಹೋಗಬೇಕಾದ ಅಗತ್ಯ ತಪ್ಪಿತು. ಹಾಜರಾದ ಯುವತಿ ವಯಸ್ಕಳಾಗಿದ್ದರೆ ಅವಳ ಇಚ್ಛೆಯೇ ನಿರ್ಣಾಯಕ.

ತವರಿನ ಸಂಬಂಧ

2006ರ ಲತಾ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪದ ಪೋಷಕರು ಹೆಚ್ಚೆಂದರೆ ಸಂಬಂಧ ಕಡಿದುಕೊಳ್ಳಬಹುದು, ಬೆದರಿಕೆ ಅಥವಾ ಹಿಂಸೆಗೆ ಇಳಿಯಕೂಡದು ಎಂದಿತು. ಧಾರವಾಡದ ಕಡೆ ಆ ‘ಹೆಚ್ಚೆಂದರೆ’ ಎಂಬುದೂ ಸಣ್ಣ ಶಿಕ್ಷೆಯಲ್ಲ. ಉಡಿ ತುಂಬುವುದು, ಕುಬಸ, ಚೊಚ್ಚಲ ಹೆರಿಗೆ, ನಾಗರ ಪಂಚಮಿಗೆ ಮಗಳನ್ನು ಕರೆತರುವುದು ಎಲ್ಲವೂ ತವರಿನ ಹೊಣೆ. ಮುನಿಸಿನಿಂದ ಇವೆಲ್ಲ ಒಟ್ಟಿಗೇ ನಿಲ್ಲುತ್ತವೆ. ಮೊಮ್ಮಗು ಹುಟ್ಟಿದ ಮೇಲೆ ಮಾತು ಮತ್ತೆ ಆರಂಭವಾಗುವ ಮನೆಗಳೂ ಉಂಟು.

ಆಸ್ತಿಯ ಹಕ್ಕು ಬೇರೆ ವಿಷಯ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಂತೆ ಮಗಳಿಗಿರುವ ಪಾಲು ತಂದೆಯ ಅಸಮ್ಮತಿಯಿಂದ ಹೋಗದು. ಸ್ವಯಾರ್ಜಿತ ಆಸ್ತಿಯನ್ನು ಅವನು ಮರಣಶಾಸನದ ಮೂಲಕ ತನಗೆ ಬೇಕಾದವರಿಗೆ ಕೊಡಬಹುದು.