ಉತ್ತರ ಬಾರದ ಅರ್ಜಿ

ಅಂದು ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದ ಕೂಡಲೇ ನನ್ನ ಒಂಬತ್ತನೆಯ ತರಗತಿಯ ಹನ್ನೊಂದು ಹುಡುಗಿಯರು ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತರು. ವಿಶೇಷ ತರಗತಿ ಆಗಷ್ಟೇ ಶುರುವಾಗಬೇಕಿತ್ತು. "ಎಲ್ಲಿಗೆ?" ಎಂದೆ. ಯಾರೂ ಉತ್ತರ ಕೊಡಲಿಲ್ಲ. ಗದ್ದಲವಿಲ್ಲದೆ, ಸಾಲಾಗಿ, ಬಾಗಿಲ ಬಳಿ ಒಬ್ಬೊಬ್ಬರೂ ನನಗೊಂದು ನಮಸ್ಕಾರ ಹೇಳಿಯೇ ಹೊರಟುಹೋದರು. ಇಷ್ಟು ವರ್ಷಗಳ ನೌಕರಿಯಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಆ ನಮಸ್ಕಾರವಂತೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ನಾನು ಪಾಠ ಹೇಳುವುದು ವಸಂತನರಸಾಪುರದ ಬಳಿ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಆಸುಪಾಸು. ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಕೈಗಾರಿಕಾ ಪ್ರದೇಶ. 2014ರಲ್ಲಿ ಅಲ್ಲಿಯ ಫುಡ್ ಪಾರ್ಕ್ ಉದ್ಘಾಟನೆಗೆ ಪ್ರಧಾನಮಂತ್ರಿಯವರೇ ಬಂದಿದ್ದರು. ನನ್ನ ಹುಡುಗಿಯರಲ್ಲಿ ಅನೇಕರ ತಂದೆತಾಯಿ ಇಬ್ಬರೂ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು. ಅಮ್ಮ ಮನೆಗೆ ಬರುವಷ್ಟರಲ್ಲಿ ಹುಡುಗಿ ಅನ್ನಕ್ಕಿಟ್ಟಿರಬೇಕು, ತಮ್ಮನನ್ನು ಅಂಗನವಾಡಿಯವರ ಮನೆಯಿಂದ ಕರೆತಂದಿರಬೇಕು. ಐದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಹೆದ್ದಾರಿಯಲ್ಲಿ ಇಳಿದು ಊರೊಳಕ್ಕೆ ನಡೆಯಬೇಕು.

ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಮಾರನೆಯ ದಿನ ಬೆಳಿಗ್ಗೆ ಸೀಮೆಸುಣ್ಣಕ್ಕೆಂದು ಮೇಜಿನ ಡ್ರಾಯರ್ ಎಳೆದಾಗ ನಾಲ್ಕು ಮಡಿಕೆಯ ಒಂದು ಹಾಳೆ ಕೈಗೆ ಬಂತು. "ಮಾನ್ಯರೇ" ಎಂದು ಆರಂಭವಾಗುವ ಅರ್ಜಿ. ವಿಶೇಷ ತರಗತಿಯನ್ನು ಸಂಜೆಯ ಬದಲು ಬೆಳಿಗ್ಗೆ ಇಟ್ಟುಕೊಳ್ಳಬೇಕೆಂದು ವಿನಂತಿ. ಕೆಳಗೆ ಹನ್ನೊಂದು ಸಹಿ. ತಾರೀಖು ಮೂರು ವಾರಗಳ ಹಿಂದಿನದು. ಆ ದಿನ ನಾನು ಅದನ್ನು ಓದಿ, "ಪರವಾಗಿಲ್ಲ, ಅರ್ಜಿ ಬರೆಯೋದು ಚೆನ್ನಾಗಿ ಕಲ್ತಿದ್ದೀರಿ" ಎಂದು ನಕ್ಕು, "ನೋಡೋಣ" ಎಂದು ಡ್ರಾಯರ್‌ಗೆ ಹಾಕಿದ್ದೆ. ಆಮೇಲೆ ನೋಡಲೇ ಇಲ್ಲ.

ಅಂದಿನ ಪಾಠ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ. ಪ್ರತಿ ವರ್ಷವೂ ಮಾಡುವ ಪಾಠವೇ. ಕಪ್ಪುಹಲಗೆಯ ಮೇಲೆ "ಕಾರಣಗಳು" ಎಂದು ಬರೆದು ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತಿದ್ದೆ. ಹಿಂದಿನ ಸಂಜೆ ಎಲ್ಲರಿಗಿಂತ ಮೊದಲು ಹೊರನಡೆದಿದ್ದ ಹುಡುಗಿ ಎದ್ದು ನಿಂತಳು. "ಮಿಸ್, ಅವರೂ ಇಂಗ್ಲಿಷರೇ ಅಲ್ವಾ? ಭಾಷೆ ಒಂದೇ, ದೇವರು ಒಂದೇ, ರಾಜನೂ ಒಬ್ಬನೇ. ತಮ್ಮೋರ ಮೇಲೆ ತಾವೇ ಯಾಕೆ ತಿರುಗಿಬಿದ್ರು?"

ನಾನು ಅಂಕಿ ಹಾಕುವುದನ್ನು ನಿಲ್ಲಿಸಿದೆ. ತೆರಿಗೆ ಜಾಸ್ತಿಯಾಯಿತು ಎನ್ನುವುದು ಪರೀಕ್ಷೆಯ ಉತ್ತರ. ಆದರೆ ಅದು ಪೂರ್ತಿ ನಿಜವಲ್ಲ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಜನ 342 ಪೆಟ್ಟಿಗೆ ಚಹವನ್ನು ನೀರಿಗೆಸೆದರಲ್ಲ, ಆ ವರ್ಷದ ಹೊಸ ಕಾಯಿದೆಯಿಂದ ಚಹದ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅಗ್ಗವಾಗಿ ಬಂದ ಚಹವನ್ನೇ ಅವರು ಬೇಡವೆಂದದ್ದು. ಏಕೆಂದರೆ ಅದರ ಮೇಲಿನ ಸಣ್ಣ ಸುಂಕವನ್ನು, ಅವರ ಪರವಾಗಿ ಮಾತಾಡುವವರು ಒಬ್ಬರೂ ಇಲ್ಲದ ಲಂಡನ್ನಿನ ಪಾರ್ಲಿಮೆಂಟು ಗೊತ್ತುಮಾಡಿತ್ತು.

ಇದಕ್ಕೆ ಎಂಟು ವರ್ಷ ಮುಂಚೆ, 1765ರಲ್ಲಿ, ಪತ್ರಿಕೆಗಳಿಗೂ ಕರಾರುಪತ್ರಗಳಿಗೂ ಮುದ್ರೆಯ ಕಾಗದವೇ ಆಗಬೇಕೆಂಬ ಸ್ಟಾಂಪ್ ಕಾಯಿದೆ ಬಂದಿತ್ತು. ಆಗ ವಸಾಹತುಗಳ ಜನ ಅರ್ಜಿ ಬರೆದರು, ಇಂಗ್ಲೆಂಡಿನ ಸಾಮಾನು ಕೊಳ್ಳುವುದನ್ನು ಬಿಟ್ಟರು. ಮರುವರ್ಷ ಕಾಯಿದೆ ರದ್ದಾಯಿತು. ಜನ ಸಂತೋಷಪಟ್ಟರೇ ಹೊರತು ಸ್ವಾತಂತ್ರ್ಯದ ಮಾತೆತ್ತಲಿಲ್ಲ. ಹೊಸ ತೆರಿಗೆಗಳು ಬಂದ ಮೇಲೆ 1774ರಲ್ಲಿ ರಾಜನಿಗೆ ಅರ್ಜಿ ಹೋಯಿತು. 1775ರ ಜುಲೈನಲ್ಲಿ, ಗುಂಡು ಹಾರಿ ರಕ್ತ ಹರಿದ ಮೇಲೂ, ಇನ್ನೊಂದು ಅರ್ಜಿ ಹೋಯಿತು. ಮೂರನೆಯ ಜಾರ್ಜ್ ಅದನ್ನು ಸ್ವೀಕರಿಸಲೇ ಇಲ್ಲ, ಅವರನ್ನು ದಂಗೆಕೋರರೆಂದು ಸಾರಿದ. ಒಂದು ವರ್ಷ ತುಂಬುವುದರೊಳಗೆ, 1776ರ ಜುಲೈ 4ರಂದು, ಅವರು ತಮ್ಮನ್ನು ಸ್ವತಂತ್ರರೆಂದು ಸಾರಿಕೊಂಡರು. ಆ ಘೋಷಣೆಯಲ್ಲಿ ರಾಜನ ಮೇಲೆ ಹೊರಿಸಿದ ದೂರುಗಳ ದೊಡ್ಡ ಪಟ್ಟಿಯೇ ಇದೆ. ಕೊನೆಗೆ ಬರುವ ದೂರು, ನಾವು ಎಷ್ಟು ಸಲ ವಿನಯದಿಂದ ಕೇಳಿಕೊಂಡರೂ ಪೆಟ್ಟಿನ ಮೇಲೆ ಪೆಟ್ಟೇ ಉತ್ತರವಾಯಿತು ಎನ್ನುವುದು.

"ದೂರದ ಅಮೆರಿಕ ನಮಗ್ಯಾಕೆ" ಎಂದು ನೀವು ಕೇಳಬಹುದು. ನೀರಿಗೆ ಬಿದ್ದ ಆ ಚಹ ಈಸ್ಟ್ ಇಂಡಿಯಾ ಕಂಪನಿಯದು, ನಮ್ಮನ್ನು ಆಳಿದ ಅದೇ ಕಂಪನಿಯದು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದದ್ದು ಕಾರ್ನ್‌ವಾಲಿಸನ ಸೈನ್ಯ. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದು ಬೆಂಗಳೂರಿನ ಕೋಟೆ ಹಿಡಿದ. ಅದೇ ವರ್ಷ ನಮ್ಮ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವೂ ಹುಲಿಯೂರುದುರ್ಗವೂ ಅವನ ಸೈನ್ಯದ ಪಾಲಾದವು. ಅಮೆರಿಕದಲ್ಲಿ ಸೋತವನು ಕುಣಿಗಲ್ಲಿನ ಬೆಟ್ಟಗಳಲ್ಲಿ ಗೆದ್ದ ಎಂದಾಗ ತರಗತಿಯ ಮಕ್ಕಳೆಲ್ಲ ನೆಟ್ಟಗೆ ಕುಳಿತರು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯು ಒಡೆಯರಿಗೆ ಮೈಸೂರಿನ ಗದ್ದಿಗೆಯನ್ನೇನೋ ಕೊಟ್ಟಿತು, ಜೊತೆಗೆ ವರ್ಷಕ್ಕೆ 7 ಲಕ್ಷ ವರಹದ ಪೊಗದಿಯನ್ನೂ ಕಟ್ಟಿತು. ಆ ಹಣ ಮೇಲಿನಿಂದ ಕೆಳಗೆ ಹೊರೆಯಾಗಿ ಇಳಿಯಿತು. ಶರ್ತಿನ ಪದ್ಧತಿ ಎಂದಿತ್ತು: ಇಷ್ಟು ಕಂದಾಯ ಎತ್ತಿಯೇ ಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು, ಕಡಿಮೆಯಾದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರನನ್ನು ಯಾರು ಕಂಡಿದ್ದಾರೆ? ಅವನು ರೈತನ ಕಣಜಕ್ಕೆ ಕೈ ಹಾಕಿದ. 1830ರಲ್ಲಿ ನಗರ ಸೀಮೆಯ ರೈತರು, ಎಂದರೆ ಇಂದಿನ ಶಿವಮೊಗ್ಗದ ಕಡೆಯವರು, ಕೂಟ ಸೇರಿದರು. ಊರಿಂದೂರಿಗೆ ಓಲೆ ಹೋಯಿತು. ಮೊದಲು ದೊರೆಯಲ್ಲಿಯೇ ದೂರು ಹೇಳಿಕೊಂಡರು. ಪರಿಹಾರ ಕಾಣದಾದಾಗ ಕಂದಾಯ ನಿಲ್ಲಿಸಿದರು. ಕೆಳದಿಯ ವಂಶಕ್ಕೆ ಸೇರಿದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಅವರ ಮುಂದಾಳಾದ.

ದಂಗೆಯನ್ನು ಕಂಪನಿಯ ಸೈನ್ಯ 1831ರಲ್ಲಿ ಮುರಿಯಿತು. ಆಡಳಿತ ಕೆಟ್ಟಿದೆಯೆಂದು ಕಾರಣ ಕೊಟ್ಟು ಬೆಂಟಿಂಕ್ ಮೈಸೂರನ್ನೇ ತನ್ನ ಕೈಗೆ ತೆಗೆದುಕೊಂಡ. ಕೊಡಲಾರದ ಪೊಗದಿಯನ್ನು ಹೇರಿದವರೇ ಬಂದು ನಿಮಗೆ ಮನೆ ನಡೆಸಲು ಬರುವುದಿಲ್ಲ ಎಂದ ಹಾಗಾಯಿತು. 1881ರವರೆಗೆ, ಐವತ್ತು ವರ್ಷ, ಕಮಿಷನರುಗಳು ಆಳಿದರು. ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ನಾವೆಲ್ಲ ದಾಬಸ್‌ಪೇಟೆ ದಾಟುತ್ತೇವಲ್ಲ, ಆ ಹೆಸರು ಆಗ ತುಮಕೂರಿನಲ್ಲಿದ್ದುಕೊಂಡು ಈ ಭಾಗದ ಆಡಳಿತ ನಡೆಸಿದ ಡಾಬ್ಸ್ ಎಂಬ ಇಂಗ್ಲಿಷ್ ಅಧಿಕಾರಿಯದು. ನಗರದ ರೈತರ ಅರ್ಜಿಗೆ ಸಿಕ್ಕ ಉತ್ತರದ ಒಂದು ತುಣುಕು ಇಂದಿಗೂ ನಮ್ಮ ಬಸ್ಸಿನ ಬೋರ್ಡಿನ ಮೇಲಿದೆ.

ಕಿತ್ತೂರಿನ ಕಥೆ ನಿಮಗೆಲ್ಲ ಗೊತ್ತು. ಆದರೆ ನಾವು ಚೆನ್ನಮ್ಮನನ್ನು ಯಾವಾಗಲೂ ಕುದುರೆಯ ಮೇಲೆ, ಕತ್ತಿ ಹಿಡಿದೇ ಕಾಣುತ್ತೇವೆ. ಕತ್ತಿಗಿಂತ ಮೊದಲು ಅವಳು ಹಿಡಿದದ್ದು ಲೇಖನಿಯನ್ನು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಕಿತ್ತೂರಿನ ಭಂಡಾರಕ್ಕೆ ಬೀಗ ಹಾಕಿಸಿದ. ಯೋಚಿಸಿ ನೋಡಿ, ಸೂತಕ ಕಳೆಯದ ಮನೆಯಲ್ಲಿ ಹೊರಗಿನವನೊಬ್ಬ ಬಂದು, ಈ ಮಗು ನಿಮ್ಮದಲ್ಲ, ಬೀಗದ ಕೈ ಕೊಡಿ ಎಂದರೆ ಹೇಗಿರುತ್ತದೆ? ಆದರೂ ರಾಣಿ ಮೇಲಿನವರಿಗೆ ಪತ್ರ ಬರೆದಳು, ಬೊಂಬಾಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಬರೆದಳು. ನ್ಯಾಯ ಸಿಗಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಫಿರಂಗಿಯೊಡನೆ ಕೋಟೆಯ ಬಾಗಿಲಿಗೆ ಬಂದ, ಅಲ್ಲೇ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು.

ದಂಗೆಯೇಳುವುದಕ್ಕೂ ಸ್ವಾತಂತ್ರ್ಯ ಕೇಳುವುದಕ್ಕೂ ನಡುವೆ ಒಂದು ಹೆಜ್ಜೆಯಿದೆ. ನನ್ನ ಅರ್ಜಿಗೆ ಉತ್ತರ ಕೊಡು ಎನ್ನುವುದು ದಂಗೆ. ಅರ್ಜಿ ತೆಗೆದುಕೊಳ್ಳುವ ಕುರ್ಚಿಯಲ್ಲಿ ನಮ್ಮವರೇ ಕೂರಲಿ ಎನ್ನುವುದು ಸ್ವಾತಂತ್ರ್ಯ. ಕಾಂಗ್ರೆಸ್ಸು 1885ರಿಂದ ಎಷ್ಟೋ ವರ್ಷ ಮನವಿಗಳನ್ನೇ ಬರೆಯಿತು. ಗಾಂಧೀಜಿಯವರೂ 1930ರಲ್ಲಿ ಉಪ್ಪಿಗಾಗಿ ದಂಡಿಗೆ ಹೊರಡುವ ಮುನ್ನ ವೈಸರಾಯ್ ಇರ್ವಿನ್‌ಗೆ ಉದ್ದನೆಯ ಪತ್ರ ಬರೆದರು. ಕಾನೂನು ಮುರಿಯಹೊರಟಿರುವುದು ವಿಷಾದದ ಸಂಗತಿ ಎಂಬರ್ಥದ ಚುಟುಕು ಉತ್ತರ ಬಂತು.

1942ರ ಹೊತ್ತಿಗೆ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ಅರ್ಜಿ ಬರೆಯುವುದನ್ನೇ ಬಿಟ್ಟರು. ತಮ್ಮ ಹಳ್ಳಿ ಸ್ವತಂತ್ರವೆಂದು ಸಾರಿ, ತಮ್ಮೂರ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು! ನಗು ಬರುತ್ತದೆ, ಆದರೆ ಅದು ಆಟವಾಗಿರಲಿಲ್ಲ. ನಿಜವಾದ ಅಮಲ್ದಾರನೂ ಸಬ್ ಇನ್ಸ್‌ಪೆಕ್ಟರನೂ ಊರಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಸತ್ತರು. 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ಜೀವಾವಧಿ ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು. ಸತ್ತ ಅಧಿಕಾರಿಗಳೂ ಯಾರದೋ ಮನೆಯ ಮಕ್ಕಳೇ. ಉತ್ತರ ಕೊಡದವರು ಎಲ್ಲೋ ದೂರದಲ್ಲಿರುತ್ತಾರೆ, ಪೆಟ್ಟು ತಿನ್ನುವವರು ಹತ್ತಿರದಲ್ಲಿರುತ್ತಾರೆ.

ಬಿಳಿಯರು ಹೋದರೆ ಎಲ್ಲ ಸರಿಹೋಯಿತೆಂದೂ ಅಲ್ಲ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಮೈಸೂರು ಸಂಸ್ಥಾನದ ನಮ್ಮ ಹಿರಿಯರಿಗೆ ಜವಾಬ್ದಾರಿ ಸರ್ಕಾರ ಸಿಕ್ಕಿರಲಿಲ್ಲ. ದಿವಾನರ ಆಡಳಿತವೇ ನಡೆದಿತ್ತು. ಸೆಪ್ಟೆಂಬರಿನಲ್ಲಿ "ಮೈಸೂರು ಚಲೋ" ಚಳವಳಿ ನಡೆಯಬೇಕಾಯಿತು. ತುಮಕೂರಿನ ವಿದ್ಯಾರ್ಥಿಗಳೂ ಬೀದಿಗಿಳಿದರು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗಲೇ ನಮ್ಮ ಅರ್ಜಿ ಸೇರಬೇಕಾದಲ್ಲಿಗೆ ಸೇರಿದ್ದು. ಆಗ ಗದ್ದಿಗೆಯಲ್ಲಿದ್ದವರು ಪರದೇಶಿಯಲ್ಲ, ಪ್ರಜೆಗಳಿಗೆ ಪ್ರಿಯರಾದ ಮಹಾರಾಜರು. ಹಾಗಿದ್ದೂ ಜನ ಕೇಳಿದರು. ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದುಕೊಳ್ಳುತ್ತೇನೆ. ತಮ್ಮವನೋ ಬೇರೆಯವನೋ ಎನ್ನುವುದು ಆಮೇಲಿನ ಮಾತು. ಕೇಳಿಸಿಕೊಳ್ಳದವನು ದಿನಕಳೆದಂತೆ ಬೇರೆಯವನಾಗಿಬಿಡುತ್ತಾನೆ.

ಅಷ್ಟು ಪಾಠ ಮಾಡಿ ಅರ್ಜಿಯನ್ನು ಡ್ರಾಯರ್‌ನಿಂದ ತೆಗೆದು ಮೇಜಿನ ಮೇಲಿಟ್ಟೆ. ಶಾಲೆ ಸಾಮ್ರಾಜ್ಯವಲ್ಲ, ನಾನು ಥ್ಯಾಕರೆಯೂ ಅಲ್ಲ. ಆ ಹುಡುಗಿಯರ ಒಳ್ಳೆಯದಕ್ಕೇ ವಿಶೇಷ ತರಗತಿ ಇಟ್ಟಿದ್ದೆ. ಆದರೆ ಒಳ್ಳೆಯದಕ್ಕೇ ಎನ್ನುವ ಮಾತನ್ನು ಬೆಂಟಿಂಕನೂ ಹೇಳಿದ್ದ. "ತಪ್ಪು ನನ್ನದು. ನೀವು ಕೇಳಿದಾಗಲೇ ಉತ್ತರ ಹೇಳಬೇಕಿತ್ತು" ಎಂದೆ. ಅಷ್ಟು ಹೇಳಲು ಗಂಟಲು ಕಟ್ಟಿತು. ಮುಖ್ಯೋಪಾಧ್ಯಾಯರೊಡನೆ ಮಾತಾಡಿ ತರಗತಿಯನ್ನು ಬೆಳಿಗ್ಗೆ ಎಂಟೂಮುಕ್ಕಾಲಿಗೆ ಬದಲಾಯಿಸಿದೆವು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೆ ಹಾಯಾಗಿರುತ್ತಿತ್ತು. ಎರಡು ವಾರ ಕಳೆಯಿತು. ಇಬ್ಬರು ಹುಡುಗಿಯರು ಬೆಳಗಿನ ತರಗತಿಗೆ ಬರುತ್ತಲೇ ಇರಲಿಲ್ಲ. ವಿಚಾರಿಸಿದರೆ, ಅವರ ಬೀದಿಗೆ ನೀರು ಬಿಡುವುದು ಎಂಟು ಗಂಟೆಗೆ, ಕೊಡ ತುಂಬುವವರು ಅವರೇ. ಅರ್ಜಿಗೆ ಸಹಿ ಹಾಕುವಾಗ ಅವರೂ ಹಾಕಿದ್ದರು. ಗೆಳತಿಯರೆಲ್ಲ ಹಾಕುವಾಗ ಬೇಡವೆನ್ನುವುದು ಹೇಗೆ? ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಗ ನೆನಪಾದವಳು ಅಬಿಗೇಲ್ ಆಡಮ್ಸ್. 1776ರ ಮಾರ್ಚಿನಲ್ಲಿ, ಸ್ವಾತಂತ್ರ್ಯದ ಸಿದ್ಧತೆಯಲ್ಲಿದ್ದ ಗಂಡ ಜಾನ್ ಆಡಮ್ಸ್‌ಗೆ ಅವಳು ಪತ್ರ ಬರೆದು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಎಂದು ಕೇಳಿದ್ದಳು. ಮನೆಮನೆಯಲ್ಲಿ ಚಹ ಬಿಟ್ಟು, ನೂಲು ತೆಗೆದು ಆ ಹೋರಾಟವನ್ನು ನಡೆಸಿದವರು ಹೆಂಗಸರೇ. ಜಾನ್ ಆಡಮ್ಸ್ ಉತ್ತರ ಬರೆದ: ಓದಿ ನಗು ಬಂತು ಎಂದು. ರಾಜ ತಮ್ಮ ಅರ್ಜಿ ಕೇಳಲಿಲ್ಲವೆಂದು ಎದ್ದವನು ಮನೆಯೊಳಗಿನ ಅರ್ಜಿಗೆ ನಕ್ಕ. ಆ ದೇಶದ ಸಂವಿಧಾನದಲ್ಲಿ ಹೆಂಗಸರ ಮತದ ಹಕ್ಕು ಸೇರಿದ್ದು 1920ರಲ್ಲಿ. ಕಪ್ಪು ಗುಲಾಮರ ಅರ್ಜಿಯೂ ಅಲ್ಲಿಯ ಮೂಲನಿವಾಸಿಗಳ ಅರ್ಜಿಯೂ ಇನ್ನೆಷ್ಟು ಕಾಲ ಡ್ರಾಯರ್‌ನಲ್ಲಿ ಕೊಳೆತವು ಎನ್ನುವುದು ಬೇರೆಯೇ ಪಾಠ.

ನಕ್ಕವಳು ನಾನೂ ಹೌದಲ್ಲ. ಅದಕ್ಕೇ ಆ ಪತ್ರದ ಕಥೆಯನ್ನು ಈಗ ಪ್ರತಿ ವರ್ಷ ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ, ಪರೀಕ್ಷೆಗೆ ಬರುವುದಿಲ್ಲವಾದರೂ.

ಆ ಇಬ್ಬರು ಹುಡುಗಿಯರಿಗೆ ಈಗ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಪಾಠ ಹೇಳುತ್ತೇನೆ. ನನ್ನ ಡಬ್ಬಿಯ ಅನ್ನ ತಣ್ಣಗಾಗುತ್ತದೆ, ಒಮ್ಮೊಮ್ಮೆ ಬೇಸರವೂ ಆಗುತ್ತದೆ. ಮೊನ್ನೆ ಅವರಲ್ಲೊಬ್ಬಳು ಬಾಗಿಲಲ್ಲಿ ನಿಂತು, "ಮಿಸ್, ಒಂದು ಅರ್ಜಿ ಇತ್ತು" ಎಂದಳು. ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ. ನಾನು ತುತ್ತು ಕೆಳಗಿಟ್ಟು ಕೈ ತೊಳೆದುಕೊಂಡು ಬಂದು ಅವಳೆದುರಿಗೇ ಓದಿದೆ.